ಹದಿನಾಲ್ಕನೇ ಕಾಲಂ

ಹುಡುಗಿಯರ ಹಾಸ್ಟೆಲ್, ಕೋಣೆ ೨೭
೧೪ನೇ ತಾರೀಖು, ಗುರುವಾರ, ಮಧ್ಯಾಹ್ನ ಹನ್ನೆರಡೂವರೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತಾ? ಫೋನಿನಲ್ಲಿ ಕೇಳಿದರೆ ಯಾವಾಗಲೂ "ಪರವಾಗಿಲ್ಲ" ಅನ್ನುತ್ತೀಯ. ನಿನ್ನ ಪರವಾಗಿಲ್ಲದಲ್ಲಿ ಹತ್ತು ಬಗೆ ಇವೆ, ಇದು ಅದರಲ್ಲಿ ಯಾವುದು ಎಂದು ಈ ತುದಿಯಲ್ಲಿ ಕೂತ ನನಗೆ ತಿಳಿಯುವುದಿಲ್ಲ. ಆ ಮನೆಯ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯ ಎಂದು ಒಂದು ದಿನ ಎಣಿಸಿ ಹೇಳು, ಆಮೇಲೆ ಪರವಾಗಿಲ್ಲ ಅನ್ನುವೆಯಂತೆ. ನೀನು ನೋಡಿಕೊಳ್ಳುವ ತಾತ ಈಗಲೂ ನಿನ್ನನ್ನು ತಮ್ಮ ತಂಗಿ ಎಂದುಕೊಂಡು, ಚಿಕ್ಕಂದಿನಲ್ಲಿ ನನ್ನ ಪೆನ್ನು ಕದ್ದೆ ಎಂದು ಬಯ್ಯುತ್ತಾರಾ? ಒಂದು ಪೆನ್ನು ಕೊಟ್ಟುಬಿಡು ಅತ್ಲಾಗೆ. ನಿನ್ನ ಕೈ ಒಡೆದಿರುವುದಕ್ಕೆ ಮುಲಾಮು ಕಳಿಸುತ್ತಿದ್ದೇನೆ. ಕೈಗವಸು ಹಾಕಿಕೊಳ್ಳುವ ಮೊದಲು ಹಚ್ಚಬೇಕು, ತೆಗೆದ ಮೇಲೆ ಅಲ್ಲ. ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ. ನಿದ್ದೆ ಮಾತ್ರ ಸರಿಯಾಗಿ ಬರುವುದಿಲ್ಲ, ತಲೆಗೂದಲು ಉದುರುತ್ತಿದೆ, ಬಾಚಣಿಗೆ ನೋಡಿದರೆ ಭಯವಾಗುತ್ತದೆ. ಅಷ್ಟು ಬಿಟ್ಟರೆ ನನಗೂ ಪರವಾಗಿಲ್ಲ.

ಫೋನ್ ಇರುವಾಗ ಇದೇನು ಕಾಗದ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನಿನ್ನ ಹತ್ತಿರ ಏನನ್ನೂ ಹೇಳಲು ಆಗುವುದಿಲ್ಲ ಅಮ್ಮಾ. ನೀನು ಆ ಮನೆಯ ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟುತ್ತೀಯ, ಮೇಲಿಂದ ತಾತ ಗಂಟೆ ಬಾರಿಸುತ್ತಾರೆ, ನಾನು ವಿಷಯಕ್ಕೆ ಬರುವಷ್ಟರಲ್ಲಿ "ಆಮೇಲೆ ಮಾಡ್ತೀನಿ ಕಂದ" ಎಂದು ಇಡುತ್ತೀಯ. ಹೋದ ಭಾನುವಾರ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ನೀನು ಅಳಲು ಶುರುಮಾಡಿದೆ, ನಾನು "ಆಯ್ತು ಆಯ್ತು" ಅಂದೆ. ಆ ಆಯ್ತು ಎಂದರೆ ಒಪ್ಪಿದೆ ಎಂದಲ್ಲ, ಅಳಬೇಡ ಎಂದಷ್ಟೆ. ನಿಮ್ಮ ಕಡೆಯ ಆಸ್ಪತ್ರೆಯ ನರ್ಸ್ ಅಕ್ಕನ ರಜೆ ಮುಗಿಯಿತು, ನಾಳೆ ಅಲ್ಲಿಗೆ ವಿಮಾನ. ಭಾನುವಾರ ನಿನ್ನ ಕೈಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಇವತ್ತು ನಾಲ್ಕು ಗಂಟೆಗೆ ಹಾಸ್ಟೆಲ್ ಗೇಟಿಗೆ ಬರುತ್ತಾರೆ, ಅಷ್ಟರಲ್ಲಿ ಬರೆದು ಮುಗಿಸಬೇಕು, ಮಧ್ಯಾಹ್ನದ ಎರಡು ಕ್ಲಾಸು ತಪ್ಪಿಸಿ ಕೂತಿದ್ದೇನೆ. ಆದ್ದರಿಂದ ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಸೋಮವಾರ ಆ ವೀಸಾ ಸಲಹೆಗಾರನ ಆಫೀಸಿಗೆ ಹೋಗಿ, ಅವನು ಟೈಪ್ ಮಾಡಿಟ್ಟಿರುವ ಹೇಳಿಕೆಗೆ ಸಹಿ ಹಾಕಬೇಡ. ನನ್ನನ್ನು ನಿನ್ನ ಹತ್ತಿರ ಕರೆಸಿಕೊಳ್ಳಲು ಅದೊಂದೇ ದಾರಿ ಎಂದು ಅವನು ಹೇಳಿದ್ದಾನೆ. ಇಪ್ಪತ್ತೊಂದು ತುಂಬಿದರೆ ನಾನು ಕಾನೂನಿನ ಪ್ರಕಾರ ಮಗುವಲ್ಲ, ಇನ್ನು ಎರಡೇ ವರ್ಷ ಉಳಿದಿದೆ ಎಂದು ಹೆದರಿಸಿದ್ದಾನೆ. ಎಲ್ಲ ಗೊತ್ತು. ಆದರೂ ಹಾಕಬೇಡ. ಯಾಕೆ ಎಂದು ಕೊನೆಯವರೆಗೂ ಓದು. ನಡುವೆ ತಾತ ಗಂಟೆ ಬಾರಿಸಿದರೆ ಹೋಗಿ ಬಂದು ಓದು.

ಮೊದಲು ನನ್ನ ಓದಿನ ಗೋಳು ಕೇಳು, ಅದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ. ನೀನು ಅಲ್ಲಿ ಸಿಕ್ಕಸಿಕ್ಕವರಿಗೆಲ್ಲ "ನನ್ನ ಮಗಳು ಲಾ ಓದ್ತಿದ್ದಾಳೆ" ಎಂದು ಹೇಳಿಕೊಂಡು ತಿರುಗುತ್ತೀಯಂತೆ, ನರ್ಸ್ ಅಕ್ಕ ಹೇಳಿದರು. ದಯವಿಟ್ಟು ಸ್ವಲ್ಪ ಕಡಿಮೆ ಮಾಡು. ಈ ಟರ್ಮಿನಲ್ಲಿ ನಮಗೆ ವಲಸೆ ಕಾನೂನು. ಯಾವ ದೇಶ ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಬಿಡುವುದಿಲ್ಲ, ಬಿಟ್ಟವರನ್ನು ಯಾವಾಗ ಆಚೆ ಕಳಿಸುತ್ತದೆ ಎಂದು ಐದು ದೇಶಗಳ ಕಾನೂನನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಪಾಠ ಮಾಡುವ ಮೇಷ್ಟ್ರಿಗೆ ನಾವಿಟ್ಟ ಹೆಸರು ಅಡಿಟಿಪ್ಪಣಿ. ಅವರು ಪುಟದ ಮೇಲ್ಭಾಗವನ್ನು ನಂಬುವುದೇ ಇಲ್ಲ, ನಿಜವಾದ ಕಾನೂನು ಕೆಳಗೆ ಸಣ್ಣ ಅಕ್ಷರದಲ್ಲಿ ಅಡಗಿ ಕೂತಿರುತ್ತದೆ ಅನ್ನುತ್ತಾರೆ. ದೇಶಗಳ ಹೆಸರನ್ನು ನಮಗೆ ಹೇಳುವುದೂ ಇಲ್ಲ. ಹೆಸರು ಕೇಳಿದ ಕೂಡಲೇ ನಿಮಗೆ ಅಭಿಪ್ರಾಯ ಬಂದುಬಿಡುತ್ತದೆ, ಆಮೇಲೆ ಓದುವುದಿಲ್ಲ ಎಂದು ಹೆಸರಿನ ಮೇಲೆಲ್ಲ ಕಪ್ಪು ಮಸಿ ಬಳಿದು ಜೆರಾಕ್ಸ್ ಹಂಚುತ್ತಾರೆ. ನಂಬರ್ ಒಂದು, ನಂಬರ್ ಎರಡು, ಹೀಗೆ ಐದು. ನಾನು ಮಂಚದ ಪಕ್ಕದ ಗೋಡೆಗೆ ದೊಡ್ಡ ಚಾರ್ಟ್ ಅಂಟಿಸಿ ಐದು ಬಣ್ಣದ ಪೆನ್ನಿನಲ್ಲಿ ಬರೆದಿದ್ದೇನೆ. ನನ್ನ ರೂಮ್‌ಮೇಟ್, ಗಣಿತ ಓದುವವಳು, ಅದನ್ನು ನೋಡಿ "ಇದು ಯಾವ ರೈಲಿನ ಟೈಮ್‌ಟೇಬಲ್ಲು, ಎಲ್ಲೂ ನಿಲ್ಲೋ ಹಾಗೆ ಕಾಣಲ್ಲ" ಅಂದಳು. ಆರು ವಾರದಿಂದ ಆ ಚಾರ್ಟಿನ ಮುಂದೆ ಕೂತು ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಉರಿಯುತ್ತಿದೆ. ನನ್ನ ಇಂಗ್ಲಿಷು ಹಾಸ್ಟೆಲ್ಲಿನ ಇಂಗ್ಲಿಷು, ಟೀಚರಿಗೆ ಗುಡ್ ಮಾರ್ನಿಂಗ್ ಹೇಳಲು ಸಾಕು. ಕಾನೂನಿನ ಪುಸ್ತಕದಲ್ಲಿ ಒಂದು ವಾಕ್ಯ ಪುಟದ ತಲೆಯಲ್ಲಿ ಶುರುವಾದರೆ ಪುಟ ತಿರುಗಿಸಿದ ಮೇಲೆ ಮುಗಿಯುತ್ತದೆ, ಅಷ್ಟರಲ್ಲಿ ಯಾರ ಬಗ್ಗೆ ಮಾತು ಬಂದಿತ್ತು ಎಂದೇ ಮರೆತಿರುತ್ತೇನೆ. ಕನ್ನಡವೂ ಅರ್ಧಂಬರ್ಧವೇ. ತಪ್ಪು ಕಂಡರೆ ನಕ್ಕುಬಿಡು, ನರ್ಸ್ ಅಕ್ಕನಿಗೆ ತೋರಿಸಬೇಡ.

ಮೊದಲನೇ ಅಸೈನ್‌ಮೆಂಟ್, ಐದು ದೇಶಗಳಲ್ಲಿ ಕುಟುಂಬ ಎಂದರೆ ಯಾರು. ಇದೇನು ಮಹಾ ಅಂದುಕೊಂಡು ಶುರುಮಾಡಿದೆ. ನಂಬರ್ ಒಂದರಲ್ಲಿ ಗಂಡ, ಹೆಂಡತಿ, ಹದಿನೆಂಟರ ಒಳಗಿನ ಮಕ್ಕಳು, ಅಲ್ಲಿಗೆ ಮುಗಿಯಿತು. ನಂಬರ್ ಎರಡರಲ್ಲಿ ತಾಯಿಯೂ ಕುಟುಂಬವೇ, ಆದರೆ ಅವಳನ್ನು ನೋಡಿಕೊಳ್ಳಲು ಊರಲ್ಲಿ ಇನ್ನೊಬ್ಬ ಮಗ ಇರಬಾರದು. ಇದ್ದರೆ ಅವನು ನೋಡುತ್ತಾನೋ ಬಿಡುತ್ತಾನೋ ಯಾರೂ ಕೇಳುವುದಿಲ್ಲ, ತಾಯಿ ಕುಟುಂಬದಿಂದ ಔಟ್. ನಂಬರ್ ನಾಲ್ಕರಲ್ಲಿ ಮಗಳು ಇಪ್ಪತ್ತನಾಲ್ಕರವರೆಗೂ ಮಗಳು, ಮದುವೆಯಾದರೆ ಅವತ್ತೇ ಅಲ್ಲ. ನಂಬರ್ ಐದರಲ್ಲಿ ಮನೆಗೆಲಸಕ್ಕೆ, ವಯಸ್ಸಾದವರನ್ನು ನೋಡಿಕೊಳ್ಳಲು ಬಂದವರಿಗೆ ಕುಟುಂಬವೇ ಇಲ್ಲ. ಕಾನೂನಿನ ಕಣ್ಣಿಗೆ ಅವರ ಎರಡು ಕೈ ಮಾತ್ರ ಕಾಣುತ್ತದೆ. ಸೋದರಮಾವ ಎಂಬ ಮನುಷ್ಯ ಐದರಲ್ಲಿ ಒಂದರಲ್ಲೂ ಇಲ್ಲ. ಟೈಫಾಯ್ಡ್ ಬಂದಾಗ ನನ್ನನ್ನು ಹಾಸ್ಟೆಲ್ಲಿನ ಮೂರನೇ ಮಹಡಿಯಿಂದ ಹೆಗಲ ಮೇಲೆ ಇಳಿಸಿಕೊಂಡು ಬಂದವರು ಮಾವ. ಪ್ರತಿ ವರ್ಷ ನನ್ನ ಯೂನಿಫಾರ್ಮಿನ ಅಂಚು ಬಿಚ್ಚಿ ಎರಡು ಇಂಚು ಉದ್ದ ಮಾಡಿಕೊಟ್ಟವರು ಮಾವ. ಅವರನ್ನು ಬರೆಯಲು ನನ್ನ ಚಾರ್ಟಿನಲ್ಲಿ ಜಾಗವೇ ಇಲ್ಲ. ಸಿಟ್ಟು ನೆತ್ತಿಗೇರಿ ಹನ್ನೆರಡು ಪುಟ ಗೀಚಿ ಕೊಟ್ಟೆ. ಅಡಿಟಿಪ್ಪಣಿ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ "ಇದು ದೂರು. ನಾನು ಕೇಳಿದ್ದು ಹೋಲಿಕೆ" ಎಂದು ಬರೆದು ವಾಪಸ್ ಕೊಟ್ಟರು. ಇಪ್ಪತ್ತಕ್ಕೆ ಏಳು. ಆ ಏಳೂ ಕೈಬರಹಕ್ಕೆ ಕೊಟ್ಟದ್ದಿರಬೇಕು.

ಇನ್ನು ನಂಬರ್ ಮೂರು. ಎರಡು ವಾರದ ಹಿಂದೆ ಆ ದೇಶದ ಅರ್ಜಿ ನಮೂನೆಯ ಜೆರಾಕ್ಸ್ ಹಂಚಿದರು, ನಾಲ್ಕು ಪುಟ. ಹೆಸರಿಗೆ ಮಸಿ ಬಳಿದಿದ್ದರು. ಆದರೆ ಎರಡನೇ ಪುಟದ ಬಲಗಡೆ ಫೋಟೋ ಅಂಟಿಸುವ ಚೌಕ, ಅದರ ಕೆಳಗೇ ಹೆಬ್ಬೆಟ್ಟು ಒತ್ತುವ ಚಿಕ್ಕ ಚೌಕ. ಆ ಫಾರಂ ನನಗೆ ಗೊತ್ತು ಅಮ್ಮಾ. ಅದು ನೀನಿರುವ ದೇಶ. ಮೇಷ್ಟ್ರು ಹದಿನಾಲ್ಕನೇ ಕಾಲಂ ಮೇಲೆ ಬೆರಳಿಡಲು ಹೇಳಿದರು. ಮಕ್ಕಳು, ಜೊತೆಗೆ ಬರುವವರು ಬರದಿರುವವರು ಎಲ್ಲರ ಹೆಸರು. ಮೊದಲ ಅರ್ಜಿಯಲ್ಲಿ ಹೆಸರು ಕಾಣಿಸದ ಮಗುವನ್ನು ಆಮೇಲೆ ಯಾವತ್ತೂ ಕುಟುಂಬ ಎಂದು ಕರೆಸಿಕೊಳ್ಳುವ ಹಾಗಿಲ್ಲ, ಹತ್ತು ವರ್ಷ ಕಳೆದರೂ ಇಲ್ಲ, ಅದೇ ಅಲ್ಲಿಯ ನಿಯಮ ಅಂದರು. ಹಿಂದಿನ ಬೆಂಚಿನಿಂದ ಒಬ್ಬ "ಮಕ್ಕಳಿದ್ದೂ ಇಲ್ಲ ಅಂತ ಯಾವ ತಾಯಿ ಬರೀತಾಳೆ ಸಾರ್" ಎಂದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಎಲ್ಲರೂ ನಗುವಾಗ ನಗದವರನ್ನು ತಿರುಗಿ ನೋಡುತ್ತಾರಲ್ಲ. ಮೂರು ವರ್ಷದ ಹಿಂದೆ ನೀನು ನನ್ನನ್ನು ಕರೆಸಿಕೊಳ್ಳಲು ಹಾಕಿದ ಅರ್ಜಿ ತಿರಸ್ಕಾರವಾದಾಗ ಕಾರಣ ಇದೇ ಎಂದು ನಮಗೆಲ್ಲ ಗೊತ್ತಾಗಿತ್ತು. ಏನೋ ತಪ್ಪಾಗಿದೆ, ತಿದ್ದಿ ಮತ್ತೆ ಹಾಕಿದರೆ ಸರಿಹೋಗುತ್ತದೆ ಎಂದುಕೊಂಡಿದ್ದೆವು. ತಿದ್ದಿದರೆ ಸರಿಹೋಗುವಂಥದ್ದಲ್ಲ ಎಂದು ಆ ಬೆಂಚಿನ ಮೇಲೆ ಕೂತಾಗ ತಿಳಿಯಿತು.

ಹೋದ ಶನಿವಾರ ಮಾವ ಬಂದಿದ್ದರು. ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು, ಹೊಲಿಗೆ ಮೆಷಿನ್ನಿನಿಂದ ಎದ್ದು ನೇರ ಬಸ್ಸು ಹತ್ತಿದ್ದಾರೆ. ಆ ಸಲಹೆಗಾರ ಕಳಿಸಿದ ಕಾಗದವನ್ನು ಕಂಪ್ಯೂಟರ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಮಡಿಕೆಯಾಗದ ಹಾಗೆ ಎರಡು ರಟ್ಟಿನ ನಡುವೆ ಇಟ್ಟುಕೊಂಡು ತಂದಿದ್ದರು. ವಿಸಿಟರ್ಸ್ ರೂಮಿನಲ್ಲಿ ಕೂತು "ಏ ಬಾಲ, ಎಲ್ಲಿ ಸೈನ್ ಹಾಕ್ಬೇಕು ಅಂತ ಗುರುತು ಮಾಡಿಕೊಡು, ಅಂಗಡೀಲಿ ಗಿರಾಕಿ ಕೂತಿದ್ದಾರೆ" ಅಂದರು. ನಾನು ಓದಿದೆ. ಅದರಲ್ಲಿ ಏನಿದೆ ಎಂದು ಅವನು ನಿನಗೆ ಪೂರ್ತಿ ಓದಿ ಹೇಳಿದ್ದಾನಾ ಅಮ್ಮಾ? ತಮ್ಮನ ತಪ್ಪು ಅಂತ ಬರೆಯುತ್ತೇವೆ ಎಂದಷ್ಟೇ ಹೇಳಿರುತ್ತಾನೆ. ಅದರಲ್ಲಿರುವುದು ಹೀಗೆ. ನೀನು ಹೊರಡುವ ಮೊದಲೇ ನನ್ನನ್ನು ಶಾಶ್ವತವಾಗಿ ತಮ್ಮನಿಗೆ ಕೊಟ್ಟುಬಿಟ್ಟಿದ್ದೆಯಂತೆ, ಆದ್ದರಿಂದ ಮಕ್ಕಳಿಲ್ಲ ಎಂದು ಬರೆದೆಯಂತೆ. ಈಗ ತಮ್ಮ ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದಾನಂತೆ. ನನಗೆ ಈ ಲೋಕದಲ್ಲಿ ದಿಕ್ಕಿಲ್ಲವಂತೆ. ಕೆಳಗೆ ಮಾವ ಸಹಿ ಹಾಕುವ ಜಾಗದಲ್ಲಿ, ಮೇಲೆ ಹೇಳಿದ್ದೆಲ್ಲ ನಿಜ, ಇನ್ನು ಮುಂದೆ ಈ ಹುಡುಗಿಗೂ ನನಗೂ ಸಂಬಂಧವಿಲ್ಲ ಎಂದಿದೆ. ನಾನು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಮಾವ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದರು. "ಹೊರಗೆ ಹಾಕಿದ್ದೀನಾ? ಯಾವಾಗಂತೆ?" ಅಂದರು. ಹೋದ ವರ್ಷ ಅಂತಿದೆ ಮಾವ ಅಂದೆ. "ಹೋದ ವರ್ಷ ಕಾಲೇಜಿಗೆ ಅಂತ ನಾಲ್ಕು ಜೊತೆ ಹೊಲಿದುಕೊಟ್ಟೆನಲ್ಲ" ಎಂದು ನಕ್ಕರು. ಆಮೇಲೆ "ಬರ್ಕೊಳ್ಳಲಿ ಬಿಡು. ನಿನ್ನ ಕೆಲಸ ಆದ್ರೆ ಸಾಕು. ಅಕ್ಕ ಕಳಿಸಿದ್ದಾಳೆ ಅಂದ್ರೆ ಯೋಚನೆ ಮಾಡೇ ಕಳಿಸಿರ್ತಾಳೆ" ಎಂದು ಜೇಬಿನಿಂದ ಪೆನ್ನು ತೆಗೆದರು. ನೀನು ಅವರ ಹತ್ತಿರ ಮಾತು ಬಿಟ್ಟು ಮೂರು ವರ್ಷವಾಯಿತು, ಆ ಕಾಗದದ ಜೊತೆಗೂ ಒಂದು ಮಾತು ಕಳಿಸಿರಲಿಲ್ಲ. ಆದರೂ ಅವರಿಗೆ ಅಕ್ಕ ಕಳಿಸಿದ್ದು ಎಂಬುದೇ ದೊಡ್ಡದಾಗಿ ಕಂಡಿತು. ನಾನು ಪೆನ್ನು ಕಸಿದುಕೊಂಡು, ಇದಕ್ಕೆ ಸೀಲು ಬೇಕು, ಬುಧವಾರ ಬನ್ನಿ ಎಂದು ಸುಳ್ಳು ಹೇಳಿ ಕಳಿಸಿದೆ. ಅದು ನಾನು ಮಾವನಿಗೆ ಹೇಳಿದ ಎರಡನೇ ಸುಳ್ಳು. ಮೊದಲನೆಯದನ್ನು ಈಗ ನಿನಗೆ ಹೇಳುತ್ತೇನೆ.

ಎಂಟು ವರ್ಷದ ಹಿಂದೆ ನಿನ್ನ ಫಾರಂ ತುಂಬಿದ ದಿನ ನೆನಪಿದೆಯಲ್ಲ. ಮಾವನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ನಾನು ಹಾಸ್ಟೆಲ್ಲಿನಿಂದ ರಜೆಗೆ ಬಂದಿದ್ದೆ. ಕಚೇರಿ ಬೀದಿಯಲ್ಲಿ ಕೂತು ಅರ್ಜಿ ತುಂಬಿಕೊಡುವ ಟೈಪಿಸ್ಟ್ ಅವತ್ತು ಬಂದಿರಲಿಲ್ಲ, ಮರುದಿನ ಕೊನೆಯ ದಿನ. ನೀನು "ನನ್ನ ಮಗಳು ಇಂಗ್ಲಿಷ್ ಸ್ಕೂಲು, ಅವಳೇ ತುಂಬ್ತಾಳೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ನನಗೆ ಹನ್ನೊಂದು ವರ್ಷ. ಮಾವ ಮೇಜಿನ ಮೇಲಿನ ಚಾಕ್ ಪುಡಿ ಒರೆಸಿ ಕೊಟ್ಟರು. ನಾನು ನಾಲಿಗೆ ಕಚ್ಚಿಕೊಂಡು ದಪ್ಪ ಅಕ್ಷರದಲ್ಲಿ ಬರೆಯುತ್ತಾ ಹೋದೆ. ಹದಿಮೂರನೇ ಕಾಲಂವರೆಗೂ ಸಲೀಸು. ಹದಿನಾಲ್ಕರಲ್ಲಿ ಮಕ್ಕಳ ಹೆಸರು ಕೇಳಿದ್ದರು. ಅದರ ಕೆಳಗೆ, ಪ್ರತಿ ಮಗುವಿನ ಮೂಲ ಜನನ ಪತ್ರ ಲಗತ್ತಿಸಿ, ಇಲ್ಲದಿದ್ದರೆ ಅರ್ಜಿ ಹಿಂದಿರುಗಿಸಲಾಗುವುದು ಎಂದಿತ್ತು. ನನ್ನ ಜನನ ಪತ್ರ ಹಾಸ್ಟೆಲ್ ವಾರ್ಡನ್ನರ ಬೀರುವಿನಲ್ಲಿತ್ತು. ಬೀರುವಿಗೆ ಬೀಗ, ವಾರ್ಡನ್ ರಜೆಯ ಮೇಲೆ ತಮ್ಮ ಊರಿಗೆ ಹೋಗಿದ್ದರು.

ಹಾಸ್ಟೆಲ್ಲಿನಲ್ಲಿ ನಾವು ಮೊದಲು ಕಲಿಯುವ ಪಾಠ ಏನು ಗೊತ್ತಾ ಅಮ್ಮಾ? ವರ್ಷಕ್ಕೆ ಹತ್ತು ಫಾರಂ ಕೊಡುತ್ತಾರೆ. ಕಾಯಿಲೆ ಇದೆಯಾ, ಇದ್ದರೆ ಡಾಕ್ಟರ ಚೀಟಿ ಲಗತ್ತಿಸಿ. ಕನ್ನಡಕ ಇದೆಯಾ, ಇದ್ದರೆ ಪರೀಕ್ಷೆಯ ವರದಿ ಲಗತ್ತಿಸಿ. ನೋಡಲು ಬರುವವರು ಇದ್ದಾರಾ, ಇದ್ದರೆ ಅವರ ಫೋಟೋ ಲಗತ್ತಿಸಿ. ಇದೆ ಎಂದು ಬರೆದರೆ ಒಂದು ಕಾಗದ ತರಬೇಕು, ತರದಿದ್ದರೆ ಫಾರಂ ಮುಖಕ್ಕೆ ಬರುತ್ತದೆ, ಊಟದ ಸಾಲಿನಲ್ಲಿ ಹೆಸರು ಕೂಗಿ ನಿಲ್ಲಿಸುತ್ತಾರೆ. ಇಲ್ಲ ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಸೇರಿದ ವಾರವೇ ದೊಡ್ಡ ಹುಡುಗಿಯರು ಹೇಳಿಕೊಟ್ಟಿದ್ದರು, "ಲಗತ್ತಿಸಿ ಅಂತ ಕಂಡ್ರೆ ಇಲ್ಲ ಅಂತ ಬರಿ, ಆರಾಮಾಗಿರ್ತೀಯ." ಹಾಸ್ಟೆಲ್ಲಿನ ಕಾಗದದ ಪ್ರಕಾರ ನನಗೆ ಉಬ್ಬಸ ಇರಲಿಲ್ಲ, ಕನ್ನಡಕ ಇರಲಿಲ್ಲ, ನೋಡಲು ಬರುವವರೂ ಇರಲಿಲ್ಲ. ಎಲ್ಲ ಇದ್ದವು. ಅದೇ ಕೈ, ಅದೇ ಅಭ್ಯಾಸ. ಹದಿನಾಲ್ಕನೇ ಕಾಲಂನಲ್ಲಿ ಇಲ್ಲ ಎಂದು ಬರೆದು ಹದಿನೈದಕ್ಕೆ ಹೋದೆ. ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಗಾಬರಿಯಾಗುತ್ತೀಯ, ಕೊನೆಯ ದಿನ ತಪ್ಪಿಹೋಗುತ್ತದೆ, ನೀನು ಹೋಗದಿದ್ದರೆ ಒಂದು ವರ್ಷದಲ್ಲಿ ನನ್ನನ್ನು ವಿಮಾನದಲ್ಲಿ ಕರೆಸಿಕೊಳ್ಳುವುದು ಹೇಗೆ ಎಂದು ನನ್ನ ಲೆಕ್ಕ. ಎಂಥ ಜಾಣೆ ನಾನು ಎಂದು ಒಳಗೊಳಗೇ ಬೀಗುತ್ತಿದ್ದೆ. ಮಾವ ಮೆಷಿನ್ ತುಳಿಯುವುದನ್ನು ನಿಲ್ಲಿಸಿ "ನಿನ್ನ ಹೆಸರು ಎಲ್ಲಿ ಬರೆದೆ, ತೋರಿಸು" ಅಂದರು. ಅದು ಬೇರೆ ಫಾರಂನಲ್ಲಿ ಬರುತ್ತೆ ಮಾವ ಅಂದೆ. ನೀನು ಎಲ್ಲ ಸರಿಯಾಗಿದೆಯಾ ಎಂದು ಕೇಳಿದೆ, ನಾನು ಹೂಂ ಅಂದೆ, ನೀನು ಸಹಿ ಹಾಕಿದೆ. ಮರುದಿನ ಮಾವ ಹೋಗಿ ಕೌಂಟರಿನಲ್ಲಿ ಕೊಟ್ಟು ಬಂದರು.

ತಿರಸ್ಕಾರದ ಕಾಗದ ಬಂದಾಗ ನೀನು ಅಂಗಡಿಗೆ ಫೋನ್ ಮಾಡಿದೆಯಲ್ಲ, ಅವತ್ತು ನಾನು ಅಲ್ಲೇ ಇದ್ದೆ. ಮಾವನ ಕೈಯಲ್ಲಿ ಬಟ್ಟೆ ಇದ್ದದ್ದರಿಂದ ಸ್ಪೀಕರ್ ಹಾಕಿದ್ದರು. "ಮಗಳು ಸರಿಯಾಗೇ ಬರೆದಿದ್ದಳು. ಕೌಂಟರಿನಲ್ಲಿ ನೀನೇ ಏನೋ ತಿದ್ದಿಸಿದ್ದೀಯ. ನನ್ನ ಮಗೂನ ನನ್ನಿಂದ ದೂರ ಮಾಡಿದೆ" ಎಂದು ನೀನು ಕೂಗಿದೆ. ಮಾವ ನನ್ನ ಕಡೆ ನೋಡಿದರು. ನಾನು ಗುಂಡಿಗಳ ಡಬ್ಬಿಯಲ್ಲಿ ಕೈಯಿಟ್ಟುಕೊಂಡು ನಿಂತಿದ್ದೆ. ಹದಿನಾರು ವರ್ಷ, ಮಗುವೇನಲ್ಲ, ಬಾಯಿ ಇತ್ತು. ಮಾವ "ಹೂಂ ಅಕ್ಕ, ನಾನೇ ತಿದ್ದಿಸಿದ್ದು. ತಪ್ಪಾಯ್ತು" ಅಂದರು. ನೀನು ಫೋನ್ ಇಟ್ಟೆ. ಅವತ್ತು ಸಂಜೆಯವರೆಗೂ ನಾನು ಗುಂಡಿಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸಿದೆ, ಅವರು ಹೊಲಿದರು. ಅಂದಿನಿಂದ ಇಂದಿನವರೆಗೂ ಅದರ ಬಗ್ಗೆ ಒಂದು ಮಾತಿಲ್ಲ. ನೀನು ಅವರ ವಿಷಯ ಬಂದರೆ "ಅವನ ಸುದ್ದಿ ಎತ್ತಬೇಡ" ಅನ್ನುತ್ತೀಯ, ನಾನು ಎತ್ತುವುದಿಲ್ಲ. ಎಷ್ಟು ಸುಲಭವಾಗಿತ್ತು ನೋಡು ನನಗೆ.

ಮೊನ್ನೆ ಸೋಮವಾರ ಅಡಿಟಿಪ್ಪಣಿ ಮೇಷ್ಟ್ರು ಕಾಲೇಜಿನಲ್ಲಿ ನಡೆಸುವ ಉಚಿತ ಸಲಹಾ ಕೋಣೆಗೆ ಹೋದೆ. ನನ್ನ ಗೆಳತಿಯೊಬ್ಬಳ ತಾಯಿಯ ವಿಷಯ ಸಾರ್ ಎಂದು ಶುರುಮಾಡಿದೆ. ಅವರು ಕನ್ನಡಕ ತೆಗೆದು "ನಿಮ್ಮ ಗೆಳತಿಗೆ ಕೂರೋಕೆ ಹೇಳಿ, ಆಗಿನಿಂದ ನಿಂತೇ ಇದ್ದಾರೆ" ಅಂದರು. ಎಲ್ಲ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಆ ಸಲಹೆಗಾರನ ಕಥೆ ಒಂದು ದಿನವೂ ನಿಲ್ಲುವುದಿಲ್ಲ. ಮಾವನ ಮನೆಯೇ ನನ್ನ ವಿಳಾಸ, ಪ್ರತಿ ಟರ್ಮಿಗೂ ಪೋಷಕರ ಜಾಗದಲ್ಲಿ ಅವರದೇ ಸಹಿ, ಕಾಲೇಜಿಗೆ ಒಂದು ಪತ್ರ ಬರೆದರೆ ಎಲ್ಲ ಬಯಲು. ಸುಳ್ಳು ಎಂದು ಗೊತ್ತಾದರೆ ನಾನು ಬರುವುದು ಹಾಗಿರಲಿ, ನಿನ್ನ ಕೆಲಸದ ಪರವಾನಗಿಯೇ ರದ್ದು, ಐದು ವರ್ಷ ಆ ಕಡೆ ತಲೆ ಹಾಕುವ ಹಾಗಿಲ್ಲ. ನಿಜ ಹೇಳಿದರೆ? ಹಕ್ಕು ಎಂದು ಕೇಳುವಂತಿಲ್ಲ, ಕರುಣೆ ತೋರಿಸಿ ಎಂದು ಕೇಳಬಹುದು, ಅದಕ್ಕೊಂದು ಬೇರೆ ಅರ್ಜಿ. ಎರಡು ಮೂರು ವರ್ಷ ಹಿಡಿಯುತ್ತದೆ. ಆಗುವುದಿಲ್ಲ ಎನ್ನುವ ಸಂಭವವೇ ಹೆಚ್ಚು. ಇಷ್ಟು ಹೇಳಲು ಐದು ದೇಶ ಓದಬೇಕಾ ಎಂದು ನನಗೆ ಅಲ್ಲೇ ಕಿರುಚಬೇಕು ಅನ್ನಿಸಿತು. ಏಳುವಾಗ ಅವರು ಇನ್ನೊಂದು ಮಾತು ಹೇಳಿದರು. "ಇದು ನಿಮ್ಮ ತಾಯಿ ಫೈಲು. ಅವರನ್ನ ಕೇಳದೆ ಒಂದಕ್ಷರ ಕಳಿಸಬೇಡಿ."

ನನಗೆ ನಿನ್ನ ಮೇಲೂ ಸಿಟ್ಟಿದೆ ಅಮ್ಮಾ, ಇಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಬರೋ ವರ್ಷ, ಬರೋ ವರ್ಷ ಎಂದು ಎಂಟು ವರ್ಷ ಕಳೆದೆ. ಒಂದು ಸಲವೂ ರಜೆ ಕೇಳಿ ಬರಲಿಲ್ಲ, ದೇಶ ಬಿಟ್ಟು ಹೊರಗೆ ಕಾಲಿಟ್ಟರೆ ಫೈಲಿಗೆ ತೊಂದರೆ ಎಂದು ಆ ಸಲಹೆಗಾರ ಹೇಳಿದ್ದನ್ನೇ ನಂಬಿ ಕೂತೆ. ನಾನು ಆ ನಿಯಮವನ್ನೂ ಹುಡುಕಿ ಓದಿದೆ. ನಿನ್ನ ಬಗೆಯ ಪರವಾನಗಿ ಇರುವವರು ವರ್ಷಕ್ಕೆ ಆರು ವಾರ ಹೊರಗೆ ಹೋಗಿ ಬರಬಹುದು. ಮೊದಲ ವರ್ಷದಿಂದಲೂ ಬರಬಹುದಿತ್ತು. ಸಣ್ಣ ಅಕ್ಷರದಲ್ಲಿ ಪುಟದ ಕೆಳಗೇ ಇದೆ. ಮೇಷ್ಟ್ರಿಗೂ ತೋರಿಸಿ ಖಚಿತ ಮಾಡಿಕೊಂಡೆ. ಆರು ವಾರ, ಎಂಟು ವರ್ಷ, ಗುಣಿಸಿ ನೋಡಿ ಲೈಬ್ರರಿಯಲ್ಲಿ ಪುಸ್ತಕ ಮುಚ್ಚಿ ಎದ್ದು ಬಂದೆ. ನಾನು ಅಲ್ಲಿಗೆ ಬರುವುದು ಆಗದೆ ಹೋಗಬಹುದು. ನೀನು ಇಲ್ಲಿಗೆ ಬರಲು ಯಾವ ಕಾನೂನೂ ಅಡ್ಡಿಯಿಲ್ಲ. ತಾತನ ಮಗನ ಹತ್ತಿರ ರಜೆ ಕೇಳು. ಕೊಡುವುದಿಲ್ಲ ಅಂದರೆ ಆ ನಿಯಮದ ನಂಬರನ್ನು ಈ ಕಾಗದದ ಹಿಂದೆ ಬರೆದಿದ್ದೇನೆ, ತೋರಿಸು.

ಇಷ್ಟೇ. ನಿನ್ನ ಫೈಲು, ನಿನ್ನ ಸಹಿ. ಎಲ್ಲ ಯೋಚನೆ ಮಾಡಿ ನೀನೇ ತೀರ್ಮಾನ ಮಾಡು, ನಾನು ಒತ್ತಾಯ ಮಾಡುವುದಿಲ್ಲ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳದೆ ಮೆಟ್ಟಿಲು ಹತ್ತಬೇಡ. ತಾತನಿಗೆ ನನ್ನ ನಮಸ್ಕಾರ, ಪೆನ್ನಿನ ವಿಷಯದಲ್ಲಿ ನಿನ್ನ ಕಡೆಯಿಂದ ನಾನೇ ಕ್ಷಮೆ ಕೇಳಿದೆ ಎಂದು ಹೇಳು. ಓದಿದ ಮೇಲೆ ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಊಟ ಬಿಡಬೇಡ. ನಿನ್ನ ಕಾಲಿಗೆ ಬಿದ್ದು ಕೇಳುತ್ತೇನೆ, ಕ್ಷಮಿಸು ಎಂದಲ್ಲ, ಉಣ್ಣು ಎಂದು.

ನಿನ್ನ
ಬಾಲ

ವಿ. ಸೂ.: ನರ್ಸ್ ಅಕ್ಕ ಇಪ್ಪತ್ತು ನಿಮಿಷ ಮೊದಲೇ ಬಂದುಬಿಟ್ಟಿದ್ದಾರೆ, ಗೇಟಿನಿಂದ ವಾಚ್‌ಮನ್ ಕೂಗುತ್ತಿದ್ದಾನೆ, ಹರಿದು ಬೇರೆ ಬರೆಯಲು ಹೊತ್ತಿಲ್ಲ. ನೀನೇ ತೀರ್ಮಾನ ಮಾಡು ಎಂದು ಮೇಲೆ ಬರೆದದ್ದು ಸುಳ್ಳು. ನಾನು ಆಗಲೇ ಮಾಡಿಬಿಟ್ಟಿದ್ದೇನೆ. ನಿನ್ನೆ ಬುಧವಾರ ಮಾವ ಬಂದಾಗ ಇಬ್ಬರೂ ನೋಟರಿ ಹತ್ತಿರ ಹೋದೆವು. ಆ ಕಾಲಂ ತುಂಬಿದವಳು ನಾನು, ಆಗ ನನ್ನ ವಯಸ್ಸು ಹನ್ನೊಂದು, ಜನನ ಪತ್ರ ಸಿಗದೆ ಹಾಗೆ ಬರೆದೆ, ತಾಯಿಗೂ ಮಾವನಿಗೂ ತಿಳಿದಿರಲಿಲ್ಲ ಎಂದು ನಾನು ಬರೆದು ಸಹಿ ಹಾಕಿದೆ. ಮಾವ "ಅಕ್ಕ ಅಳ್ತಾಳೆ ಕಣೇ" ಎಂದು ಎರಡು ಸಲ ಪೆನ್ನು ಕೆಳಗಿಟ್ಟರು, ಮೂರನೇ ಸಲ ಸಾಕ್ಷಿ ಸಹಿ ಹಾಕಿದರು. ನಿನ್ನ ಫೈಲ್ ನಂಬರ್ ಹಾಕಿ ಅಲ್ಲಿಯ ಕಚೇರಿಗೆ ಇ-ಮೇಲಿನಲ್ಲಿ ಕಳಿಸಿಯಾಯಿತು, ತಲುಪಿದೆ ಎಂದು ಸಂಜೆಯೇ ಉತ್ತರ ಬಂತು. ಇನ್ನು ನೀನು ಸೋಮವಾರ ಆ ಹೇಳಿಕೆಗೆ ಸಹಿ ಹಾಕಿದರೆ ಒಂದೇ ಫೈಲಿನಲ್ಲಿ ಎರಡು ಕಥೆ ಇರುತ್ತವೆ, ಸುಳ್ಳು ನಿನ್ನ ಹೆಸರಿಗೆ ಬರುತ್ತದೆ. ನಿನ್ನನ್ನು ಕೇಳಬೇಕು ಎಂದು ಮೇಷ್ಟ್ರು ಹೇಳಿದ್ದರು. ಕೇಳಿದ್ದರೆ ನೀನು ಅಳುತ್ತಿದ್ದೆ, ನಾನು ಆಯ್ತು ಅನ್ನುತ್ತಿದ್ದೆ. ಎರಡನೇ ಸಲವೂ ನಿನ್ನ ಫೈಲಿಗೆ ನಿನಗೆ ಹೇಳದೆ ಬರೆದಿದ್ದೇನೆ ಅಮ್ಮಾ. ನನ್ನನ್ನು ಬಯ್ಯಿ. ಮಾವನನ್ನು ಬಯ್ಯಬೇಡ. ಸೋಮವಾರ ಹೇಗೂ ರಜೆ ಹಾಕಿದ್ದೀಯ, ಆ ಆಫೀಸಿಗೆ ಹೋಗದೆ ಕೋಣೆಯಲ್ಲೇ ಇರು. ನಿನ್ನ ಗಡಿಯಾರದಲ್ಲಿ ಹನ್ನೊಂದಕ್ಕೆ ಮಾವ ಫೋನ್ ಮಾಡುತ್ತಾರೆ. ಎತ್ತು. ಮೊದಲು ಏನೂ ಕೇಳಿಸುವುದಿಲ್ಲ, ಅವರಿಗೆ ಗಂಟಲು ಸರಿಮಾಡಿಕೊಳ್ಳಲು ಹೊತ್ತು ಹಿಡಿಯುತ್ತದೆ. ಲೈನು ಸತ್ತುಹೋಯಿತು ಎಂದು ಅಷ್ಟರಲ್ಲಿ ಇಟ್ಟುಬಿಡಬೇಡ.